ಲಾಳಿ ನಿಂತಲ್ಲಿ ಬಿದ್ದ ಗೆರೆ

ಫೋನಿನ ಸಲುವಾಗಿ ನಾನು ತಿಂದ ಮೊದಲ ಏಟು ಎಡಗಿವಿಯ ಮೇಲೆ ಬಿತ್ತು. ಅದಕ್ಕೂ ಮೊದಲು ತಿಂದಿರಲಿಲ್ಲ ಅಂತಲ್ಲ. ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ, ತವರಿನಿಂದ ಒಂದು ದಿನ ತಡವಾಗಿ ಬಂದದ್ದಕ್ಕೆ, ಎದುರು ಮಾತಾಡಿದ್ದಕ್ಕೆ, ಮಾತಾಡದೆ ಸುಮ್ಮನಿದ್ದದ್ದಕ್ಕೆ, ಹದಿನಾಲ್ಕು ವರ್ಷದ ಸಂಸಾರದಲ್ಲಿ ಕಾರಣಗಳಿಗೆ ಬರವಿರಲಿಲ್ಲ. ಆದರೆ ಒಂದು ವಿಡಿಯೋಕ್ಕೆ ಹೊಡೆಸಿಕೊಂಡದ್ದು ಅದೇ ಮೊದಲು. ಅದನ್ನು ನಾನು ಪೂರ್ತಿ ನೋಡಿಯೂ ಇರಲಿಲ್ಲ.

ಇಳಕಲ್ಲಿನ ನೇಕಾರರ ಓಣಿಯಲ್ಲಿ ನಮ್ಮ ಮನೆ. ಗಂಡ ಓಣಿಯ ತುದಿಯ ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ, ನಾನು ಮನೆಯ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದೆ. ಅತ್ತೆ ಮೂಲೆಯಲ್ಲಿ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗಳು ಎಂಟನೆಯ ಇಯತ್ತೆ. ಆಗೆಲ್ಲ ನಾನು ಗಂಡನನ್ನು ಅವರು ಅನ್ನುತ್ತಿದ್ದೆ. ಬರೆಯುವಾಗ ಅವನು ಎಂದೇ ಬರೆಯುತ್ತೇನೆ, ಓದುವವರಿಗೆ ಒಗ್ಗದಿದ್ದರೆ ನಾನೇನೂ ಮಾಡಲಾರೆ.

ಮನೆಯಲ್ಲಿ ಎರಡು ಫೋನು. ಹೊಸದು ಅವನ ಕಿಸೆಯಲ್ಲಿ. ಅವನೇ ಬಳಸಿ ಬಿಟ್ಟ, ಗಾಜು ಒಡೆದ ಹಳೆಯದು ನನಗೂ ಮಗಳಿಗೂ. ಎರಡರಲ್ಲೂ ಖಾತೆ ಅವನ ಹೆಸರಿನದೇ. ಹಳೆಯದರಲ್ಲಿ ನಾವು ನೋಡಿದ್ದು ಹೊಸದರಲ್ಲಿ ಮೂಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ವಕೀಲೆಯೊಬ್ಬಳು, ನಮ್ಮ ಕಡೆಯ ಮಾತಿನಲ್ಲೇ, ಗಂಡ ಹೊಡೆದರೆ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು, ಯಾವ ಕಾಗದ ಕೊಡಬೇಕು ಎಂದು ಹೇಳುವ ವಿಡಿಯೋ ಕಣ್ಣಿಗೆ ಬಿತ್ತು. ನಾಲ್ಕು ನಿಮಿಷ ನೋಡಿದೆ. ಅತ್ತೆ ಎದ್ದಳೆಂದು ಬಂದ್ ಮಾಡಿದೆ.

ಸಂಜೆ ಅವನು ಚಹಾ ಕುಡಿಯುತ್ತ ತನ್ನ ಕುಸ್ತಿಯ ವಿಡಿಯೋ ತೆರೆದ. ಕೆಳಗೆ ಸಾಲಾಗಿ ವಕೀಲೆಯ ಮುಖ ಬಂತು, ಒಂದಲ್ಲ, ಮೂರು.

"ಇಕಿ ಯಾಕ ಬರಾಕತ್ತಾಳ ನನ್ನ ಫೋನಿನ್ಯಾಗ?" ಅಂದ.

ನಾನು ಗೊತ್ತಿಲ್ರಿ ಅಂದೆ. ಚಹಾದ ಲೋಟ ಕೆಳಗಿಟ್ಟ, ನಿಧಾನಕ್ಕೆ ಎದ್ದ. ಆಮೇಲೆ ಕಿವಿಯೊಳಗೆ ಒಂದು ಶಿಳ್ಳೆ ಹತ್ತಿಕೊಂಡಿತು, ಮೂರು ದಿನ ಇಳಿಯಲಿಲ್ಲ. ಇಳಿದ ಮೇಲೆ ಆ ಕಿವಿ ಅರ್ಧ ಕೇಳುತ್ತದೆ, ಈಗಲೂ ಅಷ್ಟೇ.

ಅಂದಿನಿಂದ ತಪಾಸಣೆ ಶುರುವಾಯಿತು. ಶೆಡ್ಡಿನಿಂದ ಬಂದವನು ಕಾಲು ತೊಳೆದು, ಹಳೆಯ ಫೋನು ಕೈಗೆತ್ತಿಕೊಂಡು, ಬೆಳಗಿನಿಂದ ನೋಡಿದ್ದರ ಪಟ್ಟಿಯನ್ನು ಹೆಬ್ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತಿದ್ದ. ನಾನು ರೊಟ್ಟಿ ಬಡಿಯುತ್ತ ಆ ಹೆಬ್ಬೆರಳನ್ನೇ ನೋಡುತ್ತಿದ್ದೆ. ಹೆಬ್ಬೆರಳು ನಿಂತರೆ ನನ್ನ ಕೈಯೂ ನಿಲ್ಲುತ್ತಿತ್ತು. ಪಟ್ಟಿ ಅಳಿಸಿದರೆ ಯಾಕೆ ಅಳಿಸಿದಿ ಎಂದು ಹೊಡೆತ, ಅಳಿಸದಿದ್ದರೆ ಇದೇನು ಎಂದು ಹೊಡೆತ. ಮಗಳು ನೋಡುವ ಗಣಿತದ ವಿಡಿಯೋದ ಮಾಸ್ತರ ಹರೆಯದವನಾಗಿದ್ದ. ಯಾರಂವ ಎಂದು ಅದಕ್ಕೂ ನನ್ನ ಎಡಗೈ ಹಿಡಿದು ತಿರುವಿದ. ತಿರುವುವುದು ಅವನ ಪದ್ಧತಿ. ಮಣಿಕಟ್ಟು ಹಿಡಿದು ಹಿಂದಕ್ಕೆ ಒಯ್ದು, ನಾನು ಮೊಣಕಾಲಿಗೆ ಬರುವ ತನಕ ಬಿಡುತ್ತಿರಲಿಲ್ಲ. ಬಲಗೈಗೆ ಕೈ ಹಚ್ಚುತ್ತಿರಲಿಲ್ಲ, ರೊಟ್ಟಿ ಬಡಿಯುವುದು ನಿಲ್ಲುತ್ತದಲ್ಲ.

ಇದರ ನಡುವೆ ನಾನು ಮಾಡಿದ್ದನ್ನೂ ಬರೆಯಬೇಕು. ಒಂದು ದಿನ ಅವನು ಬರುವ ಹೊತ್ತಿಗೆ ಸರಿಯಾಗಿ ಮಗಳ ಬೆರಳು ತಾಗಿ ಯಾವುದೋ ಕುಣಿತದ ವಿಡಿಯೋ ತೆರೆದುಕೊಂಡಿತು, ಅರೆಬರೆ ಬಟ್ಟೆಯದು. ಪಟ್ಟಿಯಲ್ಲಿ ಅದು ಕೂತುಬಿಟ್ಟಿತಲ್ಲ ಎಂದು ನನಗೆ ತಲೆ ಕೆಟ್ಟುಹೋಯಿತು. ಎತ್ತಿದ ಕೈ ಸೀದಾ ಅವಳ ಕಿವಿಯ ಮೇಲೆ ಬಿತ್ತು. ಅವಳು ಅಳಲಿಲ್ಲ. ಗೋಡೆಗೆ ಆತು ನಿಂತು ನನ್ನನ್ನು ನೋಡಿದಳು.

"ನೀನೂ ಅಪ್ಪನಂಗ ಹೊಡಿತಿ," ಅಂದಳು.

ಈ ಮನೆಯಲ್ಲಿ ಇನ್ನೊಂದು ವರ್ಷ ಇದ್ದರೆ ನಾನು ಅವನೇ ಆಗುತ್ತೇನೆ, ಅವಳು ನಾನಾಗುತ್ತಾಳೆ ಎಂದು ಆಗಲೇ ಅನಿಸಿತು. ಮಗಳನ್ನು ಕರೆದುಕೊಂಡು ಹೊರಬೀಳಬೇಕು. ಆದರೆ ಹೇಗೆ ಎಂಬುದು ಆ ವಕೀಲೆಯ ವಿಡಿಯೋದ ಉಳಿದ ಭಾಗದಲ್ಲಿತ್ತು, ಮತ್ತು ಆ ಭಾಗ ನೋಡುವ ಹಾಗಿರಲಿಲ್ಲ.

ನನ್ನ ತಂಗಿ ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ. ಅವಳ ಮಗುವಿನ ಹೆಸರಿಡುವುದಕ್ಕೆ ಒಂದು ದಿನದ ಮಟ್ಟಿಗೆ ಹೋಗಲು ಬಿಟ್ಟ. ಹುನಗುಂದ ದಾಟಿ ಬಸ್ಸು ಹೋಗುವಾಗ ಹೇಗೆ ಹೇಳಲಿ, ಎಲ್ಲಿಂದ ಶುರುಮಾಡಲಿ ಎಂದು ಲೆಕ್ಕ ಹಾಕುತ್ತ ಕೂತಿದ್ದೆ. ಬೇಕಾಗಲಿಲ್ಲ. ಬಳೆ ಏರಿಸಲು ಬಂದ ತಂಗಿ ನನ್ನ ಮಣಿಕಟ್ಟು ನೋಡಿ, ಬಾಗಿಲು ಹಾಕಿ ಬಂದಳು.

ಎಲ್ಲ ಕೇಳಿ ಮುಗಿದ ಮೇಲೆ ನನ್ನ ಒಡೆದ ಫೋನಿನಲ್ಲಿ ಒಂದು ಪುಟ ತೆರೆದು ತೋರಿಸಿದಳು. ಬೋಳು ಪುಟ. ಮೇಲೆ ಹುಡುಕುವ ಜಾಗ, ಕೆಳಗೆ ಏನೂ ಇಲ್ಲ.

"ವಿಡಿಯೋ ಅವೇ ಅದಾವ ಅಕ್ಕಾ, ಬಾಗಲಾ ಅಷ್ಟ ಬ್ಯಾರೆ," ಅಂದಳು. "ಇಲ್ಲಿ ಯಾರ ಹೆಸರೂ ಕೇಳಂಗಿಲ್ಲ. ನೀ ಏನ ನೋಡಿದಿ ಅಂತ ಭಾವನ ಹೆಸರಿನ್ಯಾಗ ಬರ್ಕೊಳ್ಳಂಗಿಲ್ಲ. ಅದನ್ನ ನೋಡು, ಇದನ್ನ ನೋಡು ಅಂತ ಅವನ ಫೋನಿಗೆ ಕಳಸಂಗೂ ಇಲ್ಲ."

"ಯಾರದಿದು?"

"ಯಾರೋ ಅದಾರ, ತಮ್ಮ ತಮ್ಮ ಕಂಪ್ಯೂಟರಿನ್ಯಾಗ ಪುಕ್ಕಟೆ ನಡಸ್ತಾರ. ಒಮ್ಮೊಮ್ಮೆ ಬಂದ್ ಬೀಳ್ತೈತಿ. ಮೂರು ವಿಳಾಸ ಕೊಡ್ತೇನಿ, ಒಂದಿಲ್ಲಂದ್ರ ಇನ್ನೊಂದು."

ಫೋನಿನಲ್ಲಿ ಗುರುತು ಉಳಿಸದ ಖಾಸಗಿ ಕಿಟಕಿಯಲ್ಲೇ ತೆರೆಯಬೇಕು, ಮುಗಿದ ಕೂಡಲೇ ಮುಚ್ಚಬೇಕು ಎಂದು ನನ್ನ ಕೈಯಿಂದ ಹತ್ತು ಸಲ ಮಾಡಿಸಿದಳು. ಚಿತ್ರ ಬೇಡವಾದರೆ ಬರೀ ದನಿ ಕೇಳುವ ಗುಂಡಿಯೂ ಅಲ್ಲಿತ್ತು. ನನಗೆ ಬೇಕಾದದ್ದು ಅದೇ ಆಗಿತ್ತು.

ಮಗ್ಗದ ಕುಣಿ ಸೊಂಟದ ತನಕ ಆಳ, ಕಾಲು ಇಳಿಬಿಟ್ಟು ಕೂರಬೇಕು. ಆ ಮೂರು ವಿಳಾಸಗಳನ್ನು ಕುಣಿಯ ಒಳಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದೆ. ಅಲ್ಲಿಗೆ ನೋಡುವುದು ನನ್ನ ಕಾಲು ಮಾತ್ರ. ಫೋನು ತೊಡೆಯ ಪಕ್ಕ, ವಯರು ಕುಪ್ಪಸದೊಳಗಿಂದ ಹಾಯ್ದು ಬಲಗಿವಿಗೆ, ಮೇಲೆ ಸೆರಗು. ಎಡಗಿವಿಗೆ ಹಾಕಿದರೆ ಸರಿಯಾಗಿ ಕೇಳುತ್ತಿರಲಿಲ್ಲ. ಬಲಗೈ ಹಗ್ಗ ಎಳೆದರೆ ಲಾಳಿ ಓಡುತ್ತದೆ, ಎಡಗೈ ಹಲಗೆ ಎಳೆದು ಎಳೆಯನ್ನು ಬಡಿಯುತ್ತದೆ. ಆ ಸದ್ದಿನೊಳಗೆ ವಕೀಲೆಯ ದನಿ ನನಗೊಬ್ಬಳಿಗೇ. ಅವಳ ಅಷ್ಟೂ ಮಾತುಗಳನ್ನು ಎರಡೆರಡು ಸಲ ಕೇಳಿದೆ. ಮಗಳು ಯಾರ ಹತ್ತಿರ ಇರುತ್ತಾಳೆ, ಪೆಟ್ಟು ಬಿದ್ದ ದಿನವೇ ದವಾಖಾನೆಯಲ್ಲಿ ಯಾಕೆ ಬರೆಸಬೇಕು, ಕಚೇರಿಯಲ್ಲಿ ಮೊದಲು ಏನು ಕೇಳುತ್ತಾರೆ, ಎಲ್ಲ ಬಾಯಿಪಾಠವಾಯಿತು. ಸಂಜೆ ಹೆಬ್ಬೆರಳು ಪಟ್ಟಿಯ ಮೇಲೆ ಓಡಾಡಿ, ನಾವು ತೋರಿಕೆಗೆ ತೆರೆದಿಟ್ಟ ಹೋಳಿಗೆ, ಭಜನೆ, ಗಣಿತ ನೋಡಿ ತೆಪ್ಪಗಾಗುತ್ತಿತ್ತು. ಆಗ ನನಗೆ ಒಳಗೊಳಗೇ ನಗು ಬರುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಅವನಿಗೆ ತಿಳಿಯದ ಹಾಗೆ ನಾನು ಮಾಡಿದ ಮೊದಲ ಕೆಲಸ ಅದು.

ಎಚ್ಚರಿಕೆಗೆ ಒಂದು ಉಪಾಯವೂ ಇತ್ತು. ಕರೆಂಟು ಹೋದರೆ ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಅಂದರೆ ಅವನು ಬೀಡಿ ಸೇದಿ, ಐದು ನಿಮಿಷಕ್ಕೆ ಮನೆಗೆ ಬರುತ್ತಾನೆ. ಓಣಿ ಸುಮ್ಮನಾದರೆ ನಾನು ವಯರು ಕಿತ್ತು, ಕಿಟಕಿ ಮುಚ್ಚಿ, ಫೋನು ಗೂಡಿನಲ್ಲಿಡುತ್ತಿದ್ದೆ.

ಒಂದೇ ಒಂದು ವಿಡಿಯೋ ಮಾತ್ರ ಕಣ್ಣಿಂದ ನೋಡಬೇಕಾಯಿತು. ಯಾವುದೋ ಸಾಲಿಯ ಬಯಲಿನಲ್ಲಿ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಹುಡುಗಿಯರಿಗೆ ಹಿಡಿದ ಕೈ ಬಿಡಿಸಿಕೊಳ್ಳುವುದನ್ನು ಕಲಿಸುತ್ತಿದ್ದಳು. ನಾಲ್ಕು ಬೆರಳಿನ ಕಡೆ ಜಗ್ಗಬೇಡ, ಹಿಡಿದವನ ಹೆಬ್ಬೆರಳಿನ ಕಡೆ ತಿರುಗು, ಮೈಭಾರ ಎಲ್ಲ ಹಾಕಿ ತಿರುಗು. ಲಾಳಿ ನಿಲ್ಲಿಸಿ ನೋಡಿದೆ. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅತ್ತೆ ಗುಡಿಗೆ ಹೋದಾಗ ಮಗಳಿಂದ ಮಣಿಕಟ್ಟು ಹಿಡಿಸಿಕೊಂಡು ಬಿಡಿಸಿಕೊಂಡೆ, ಆಮೇಲೆ ಅವಳ ಮಣಿಕಟ್ಟು ನಾನು ಹಿಡಿದೆ. ಬಿಗಿಯಾಗಿ ಹಿಡಿ ಅವ್ವಾ, ಇನ್ನೂ ಬಿಗಿ ಅಂದಳು. ನಾನು ಬಿಗಿಯಾಗಿಯೇ ಹಿಡಿದೆ, ಅವಳು ತಪ್ಪಿಸಿಕೊಂಡಳು.

ನನ್ನ ತಪ್ಪು ಫೋನಿನಲ್ಲಿ ಆಗಲಿಲ್ಲ. ನಮ್ಮ ಸೀರೆ ಕೊಂಡು ಮಾರುವ ಸಾವಕಾರ ಒಂದಾದ ಮೇಲೊಂದರಂತೆ ನನ್ನ ಮೂರು ಸೀರೆ ವಾಪಸು ಕಳಿಸಿದ, ಅಂಚು ಸೆರಗು ಬಿಟ್ಟು ಉಳಿದ ಒಡಲು ಒಂದೇ ಸಮ ಇಲ್ಲ ಎಂದು. ನೇಯುವವರು ನಡುವೆ ಕೈ ನಿಲ್ಲಿಸಿದರೆ, ಮತ್ತೆ ಶುರುಮಾಡಿದಲ್ಲಿ ಬಟ್ಟೆಯ ಮೇಲೆ ಒಂದು ಸಣ್ಣ ಗೆರೆ ಬೀಳುತ್ತದೆ. ಉಡುವವರಿಗೆ ಕಾಣುವುದಿಲ್ಲ, ನೇಕಾರನ ಬೆರಳಿಗೆ ಸಿಗುತ್ತದೆ. ನಿಲ್ಲಿಸುವ ಮೊದಲು ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳನ್ನು ಒಂದಿಷ್ಟು ಸಡಿಲಿಸಿ, ಶುರುಮಾಡುವಾಗ ನೋಡಿಕೊಂಡು ಬಡಿದರೆ ಗೆರೆ ಬೀಳದಂತೆ ಮಾಡಬಹುದು. ನಮ್ಮವ್ವ ನನಗೆ ತವರು ಗುಡೂರಿನಲ್ಲಿ ಮೊದಲು ಕಲಿಸಿದ್ದೇ ಅದು. ಆದರೆ ಕಿವಿಗೆ ವಯರು ಸಿಕ್ಕಿಸುವ ಅವಸರದಲ್ಲಿ, ಕೀಳುವ ಹೆದರಿಕೆಯಲ್ಲಿ ಯಾರಿಗೆ ನೆನಪಿರುತ್ತದೆ. ಫೋನಿನಿಂದ ಎಲ್ಲ ಒರೆಸಿ ಹಾಕಿ, ಮೊಳಗಟ್ಟಲೆ ಬಟ್ಟೆಯ ಮೇಲೆ ಬರೆದಿಟ್ಟಿದ್ದೆ.

ಅವನು ಆ ಸೀರೆಗಳ ಮೇಲೆ ಬೆರಳಾಡಿಸಿ ನೋಡಿದ. ಬೈಯದೆ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ.

ನಾಲ್ಕನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಬಲಗಿವಿಯಲ್ಲಿ ವಯರಿತ್ತು, ಎಡಗಿವಿ ಅವನೇ ಕೆಡಿಸಿದ್ದು. ಅಂದು ವಕೀಲೆಯ ಮಾತಿನಲ್ಲಿ ಮುಳುಗಿದ್ದವಳಿಗೆ ಓಣಿ ಸುಮ್ಮನಾದದ್ದು ತಿಳಿಯಲಿಲ್ಲ. ತಲೆಯ ಮೇಲಿಂದ ಸೆರಗು ಹಾರಿಹೋದಾಗಲೇ ಗೊತ್ತಾದದ್ದು. ವಯರು ಹಿಡಿದು ಜಗ್ಗಿದ, ಫೋನು ಕುಣಿಯಿಂದ ಎದ್ದು ಬಂತು.

"ಯಾರಂವ? ಯಾರ ಕೂಡ ಮಾತಾಡಾಕತ್ತಿದ್ದಿ?"

ಫೋನು ಎದ್ದು ಬರುವಾಗ ನನ್ನ ಬೆರಳು ತಾಗಿ ಪುಟ ಮುಚ್ಚಿಹೋಗಿತ್ತು. ಪಟ್ಟಿ ನೋಡಿದ, ಹೋಳಿಗೆ. ಕರೆಗಳನ್ನು ನೋಡಿದ, ಬೆಳಗಿನಿಂದ ಒಂದೂ ಇಲ್ಲ. ಏನಾದರೂ ಸಿಕ್ಕಿದ್ದರೆ ಎರಡೇಟಿಗೆ ಮುಗಿಯುತ್ತಿತ್ತೋ ಏನೋ. ಏನೂ ಸಿಗದ್ದಕ್ಕೆ ಹುಚ್ಚು ಹಿಡಿಯಿತು ಅವನಿಗೆ. ಫೋನನ್ನು ಗೋಡೆಗೆ ಹೊಡೆದ. ಮಗ್ಗದ ಮೇಲಿನ ಲಾಳಿ ತೆಗೆದುಕೊಂಡ. ಲಾಳಿಯ ಎರಡೂ ತುದಿಗೆ ಕಬ್ಬಿಣದ ಮೊನೆ ಇರುತ್ತದೆ. ಮೊದಲನೆಯದು ಭುಜಕ್ಕೆ, ಎರಡನೆಯದು ಹುಬ್ಬಿನ ಮೇಲೆ. ಕಣ್ಣೊಳಗೆ ರಕ್ತ ಇಳಿದು ಅರ್ಧ ಮನೆ ಕೆಂಪಗೆ ಕಂಡಿತು. ಕಾಲು ಕುಣಿಯಲ್ಲಿದ್ದವು, ಓಡುವಂತಿರಲಿಲ್ಲ. ಅತ್ತೆ ಸಾಕು ಬಿಡು ಅಂದಳು, ಕೂತಲ್ಲಿಂದಲೇ.

ಆಮೇಲೆ ಎಂದಿನಂತೆ ಎಡಗೈ ಹಿಡಿದ.

ನಾನು ಹೆಬ್ಬೆರಳಿನ ಕಡೆ ತಿರುಗಿದೆ. ಮೈಭಾರ ಎಲ್ಲ ಹಾಕಿ ತಿರುಗಿದೆ. ಬಿಡಿಸಿಕೊಳ್ಳಲು ಅಷ್ಟು ಸಾಕಾಗಿತ್ತು, ನಾನು ಅಷ್ಟಕ್ಕೆ ನಿಲ್ಲಲಿಲ್ಲ. ತಪ್ಪಿಸಿಕೊಂಡ ಕೈಯಿಂದ ಅವನ ಹೆಬ್ಬೆರಳು ಹಿಡಿದೆ. ದಿನಾ ಸಂಜೆ ನನ್ನ ದಿನವನ್ನು ಮೇಲೆ ಕೆಳಗೆ ಸರಿಸುತ್ತಿದ್ದ ಹೆಬ್ಬೆರಳು ಅದು. ಹಿಂದಕ್ಕೆ ಮಡಚಿದೆ. ಹಸಿ ಕಟ್ಟಿಗೆ ಮುರಿದ ಸದ್ದಾಯಿತು. ಅವನು ಕೂಗಿದ. ಆ ಕೂಗು ಕೇಳಿ ನನಗೆ ಸಂತೋಷವಾಯಿತು. ಇದನ್ನು ಬರೆಯಬಾರದೆಂದು ತಂಗಿ ಹೇಳಿದಳು, ಆದರೆ ಆದದ್ದು ಹಾಗೆ. ಎಡಗಿವಿಗೂ ಕೇಳುವಷ್ಟು ದೊಡ್ಡದಾಗಿ ಕೂಗಿದ.

ನಾನು ಮುಖ ತೊಳೆದುಕೊಂಡು ದವಾಖಾನೆಗೆ ಹೋಗಿ ಹುಬ್ಬಿಗೆ ಹೊಲಿಗೆ ಹಾಕಿಸಿ, ಹೇಗಾಯಿತೆಂದು ಖರೇನೇ ಬರೆಸಿದೆ. ಅವನು ಹೆಬ್ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಓಣಿಯ ಹಿರಿಯರನ್ನು ಕೂಡಿಸಿದ.

ಮರುದಿನ ಬೆಳಗ್ಗೆ ಗುಡಿಯ ಕಟ್ಟೆಯ ಮೇಲೆ ಐದು ಮಂದಿ ಕೂತರು. ಐವರೂ ಮಗ್ಗದ ಮೇಲೆ ಮುದುಕರಾದವರು. ಅತ್ತೆ ಒಂದು ಕಡೆ, ಮಗಳು ನನ್ನ ಸೀರೆ ಹಿಡಿದು ಇನ್ನೊಂದು ಕಡೆ. ಗಂಡ ಕೈ ಎತ್ತಿ ಹೆಬ್ಬೆರಳು ತೋರಿಸಿದ. ಗಂಡನ ಕೈ ಮುರಿಯುವ ಹೆಂಗಸು ಯಾವ ಜಾತಿಯ ಹೆಂಗಸು ಎಂದು ಕೇಳಿದ. ಇವಳು ಯಾವನ ಜೊತೆಗೋ ಮಾತಾಡುತ್ತಾಳೆ, ಫೋನಿನಲ್ಲಿ ಗುರುತು ಸಿಗದಂತೆ ಮಾಡಿಕೊಂಡಿದ್ದಾಳೆ, ಮಗಳನ್ನು ಇಟ್ಟುಕೊಂಡು ಇವಳನ್ನು ಹೊರಗೆ ಹಾಕುತ್ತೇನೆ ಅಂದ. ಮಗಳಿಲ್ಲದೆ ಹೊರಬಿದ್ದು ನಾನೇನು ಮಾಡಲಿ.

"ಗುರುತ ಇಲ್ಲಂದ್ರ ಹೆಂಗ ನಂಬೂದಪಾ?" ಅಂದರು ಒಬ್ಬರು.

"ಐತ್ರಿ," ಅಂದ. ಚೀಲದಿಂದ ಆ ಮೂರೂ ಸೀರೆ ತೆಗೆದು ಕಟ್ಟೆಯ ಮೇಲೆ ಹರಡಿದ. "ನೋಡ್ರಿ. ಇಲ್ಲಿ ನಿಲ್ಸ್ಯಾಳ, ಇಲ್ಲಿ ನಿಲ್ಸ್ಯಾಳ. ಒಂದು ಸೀರ್ಯಾಗ ಎಷ್ಟ ಗೆರಿ ಅದಾವ ನೋಡ್ರಿ. ನೇಯೂ ಹೆಂಗಸಿಗೆ ಇಷ್ಟ ಸಲ ಕೈ ನಿಲ್ಲಸೂ ಕೆಲಸ ಏನಿತ್ತ ಕೇಳ್ರಿ."

ಐವರೂ ಬಗ್ಗಿದರು. ಬೆರಳುಗಳು ಬಟ್ಟೆಯ ಮೇಲೆ ಓಡಾಡಿದವು. ಹೌದು, ಇಲ್ಲೈತಿ, ಇಲ್ಲೊಂದೈತಿ ಎಂದು ತಲೆ ಅಲ್ಲಾಡಿಸಿದರು. ನಾನು ನೆಲ ನೋಡುತ್ತಿದ್ದೆ. ಇನ್ನೇನು ಮುಗಿಯಿತು ಅಂದುಕೊಂಡೆ.

ಎಲ್ಲರಿಗಿಂತ ಹಿರಿಯ, ಓಣಿಯಲ್ಲಿ ಬಾಯಿ ಕೆಟ್ಟವನೆಂದೇ ಹೆಸರಾದ ಮುದುಕ ಮಾತ್ರ ಬೆರಳು ಎತ್ತಲಿಲ್ಲ. ಒಂದೇ ಕಡೆ ಹಿಂದೆ ಮುಂದೆ ಉಜ್ಜಿದ. ಬಟ್ಟೆಯನ್ನು ಬಿಸಿಲಿಗೆ ಹಿಡಿದ.

"ಗೆರಿ ಬ್ಯಾರೆ, ಇದು ಬ್ಯಾರೆ," ಅಂದ. "ಇಲ್ಲಿ ಕೈ ನಿಂತಿಲ್ಲ. ಬಡದಾಳ, ಆದ್ರ ಕೈಯಾಗ ಬಲ ಇಲ್ಲ. ಒಂದು ಗೇಣು ಹಂಗ ಐತಿ, ಆಮ್ಯಾಲ ಸರಿ ಆಗೇತಿ. ಮತ್ತ ಇಲ್ಲಿ." ನನ್ನ ಕಡೆ ತಿರುಗಿದ. "ಎಡಗೈಗೆ ಏನಾಗಿತ್ತ ತಂಗಿ?"

ಬಳೆ ಮೇಲೇರಿಸಿ ಮಣಿಕಟ್ಟು ಚಾಚಿದೆ. "ತಿರುವತಾರ್ರಿ," ಅಂದೆ.

"ಎಷ್ಟ ಸಲ?"

"ಸೀರ್ಯಾಗ ಐತಲ್ರಿ. ನೀವ ಎಣಸ್ರಿ."

ಎಣಿಸಿದ. ಅವಸರ ಮಾಡಲಿಲ್ಲ. ಮೂರು ಸೀರೆಯಲ್ಲಿ ಏಳು ಕಡೆ ಬೆರಳಿಟ್ಟು, ಒಂದೊಂದರಲ್ಲೂ ಗಂಡನ ಮುಖ ನೋಡಿದ. ಉಳಿದ ನಾಲ್ವರೂ ಆ ಏಳು ಜಾಗಗಳನ್ನು ಮುಟ್ಟಿ ನೋಡಿದರು. ನೇಕಾರರ ಮುಂದೆ ನೇಯ್ದ ಬಟ್ಟೆಯನ್ನು ಸಾಕ್ಷಿಗೆ ತಂದವನು ಅವನೇ.

"ಹಿಂಗ ಅಂತ ನಿಮಗ ಹೆಂಗ ಗೊತ್ತಾಗತೈತ್ರಿ?" ಎಂದು ಗಂಡ ಕೇಳಿದ.

ಮುದುಕ ಸೀರೆ ಮಡಚತೊಡಗಿದ್ದ. "ನಮ್ಮಾಕಿ ನೇಯ್ದಿದ್ರಾಗೂ ಇರ್ತಿತ್ತು," ಅಂದ.

ಮುದುಕನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಎಲ್ಲರೂ ನಾನು ಅವನ ಕಾಲಿಗೆ ಬೀಳುತ್ತೇನೆ ಅಂದುಕೊಂಡಿರಬೇಕು. ನನಗೆ ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ಅವನಿಗೆ ಗೊತ್ತಾಗುತ್ತಿತ್ತು ಅಂದರೆ ಸಾವಕಾರನಿಗೂ ಗೊತ್ತಾಗಿತ್ತು, ಹದಿನಾಲ್ಕು ವರ್ಷ ನನ್ನ ಸೀರೆಯನ್ನು ಗಳಿಗೆ ಮಾಡಿ ಮಡಚಿಕೊಟ್ಟ ಅತ್ತೆಗೂ ಗೊತ್ತಿತ್ತು. ಅತ್ತೆಯ ಕಡೆ ನೋಡಿದೆ, ಅವಳು ತನ್ನ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾಲ್ಕು ನಿಮಿಷದ ವಿಡಿಯೋ ಬಚ್ಚಿಡಲು ನಾನು ಕುಣಿಗೆ ಇಳಿದಿದ್ದೆ. ನನ್ನ ಏಟುಗಳು ಮಾತ್ರ ಅಂಗಡಿ ಅಂಗಡಿಯಲ್ಲಿ ಮಡಚಿ ಕೂತಿದ್ದವು, ಓದಲು ಬರುವವರೆಲ್ಲ ಓದಿ ಕಟ್ಟಿಟ್ಟಿದ್ದರು.

ಹಿರಿಯರು ದೊಡ್ಡ ನ್ಯಾಯವನ್ನೇನೂ ಮಾಡಲಿಲ್ಲ. ಕೆಲವು ದಿನ ತವರಿಗೆ ಹೋಗಿ ಬರಲಿ, ಮಗಳೂ ಹೋಗಲಿ, ಆಮೇಲೆ ನೋಡೋಣ ಅಂದರು. ನನಗೆ ಬೇಕಾದದ್ದು ಮಗಳೂ ಹೋಗಲಿ ಎಂಬ ಮಾತು. ಎದ್ದು, ಆ ಮೂರು ಸೀರೆಗಳನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಅವನು ಅವು ನನ್ನವು ಅಂದ. ಮುದುಕ ಅವನ ಕಡೆ ನೋಡಿದ, ಅವನು ಖಾಲಿ ಚೀಲ ಮಡಚಿಕೊಂಡ.

ಗುಡೂರಿನಿಂದ ಎಂಟನೆಯ ದಿನಕ್ಕೆ ಬಾಗಲಕೋಟೆಗೆ ಹೋದೆ. ಯಾವ ಕಚೇರಿ, ಯಾವ ಕಾಗದ ಎಂದು ಯಾರನ್ನೂ ಕೇಳಬೇಕಾಗಲಿಲ್ಲ, ವಕೀಲೆ ಹೇಳಿದ್ದೆಲ್ಲ ತಲೆಯಲ್ಲಿತ್ತು. ಆ ಮೂರರಲ್ಲಿ ಒಂದನ್ನು ಉಟ್ಟುಕೊಂಡಿದ್ದೆ. ಮಗಳು ಪಕ್ಕದಲ್ಲಿದ್ದಳು. ಮೇಜಿನ ಆಚೆ ಕೂತ ಅಧಿಕಾರಿ ಹೆಂಗಸು ದವಾಖಾನೆಯ ಚೀಟಿ ಓದಿ, ನನ್ನ ಹುಬ್ಬಿನ ಹೊಲಿಗೆ ನೋಡಿ, ಇದು ಒಂದೇ ಸಲದ್ದೋ, ಮೊದಲಿನಿಂದಲೂ ಇತ್ತೋ, ಮೊದಲಿನದಕ್ಕೆ ಏನಾದರೂ ದಾಖಲೆ ಇದೆಯೋ ಎಂದು ಕೇಳಿದಳು. ವಕೀಲೆ ಹೇಳಿದ್ದ ಪ್ರಶ್ನೆಯೇ. ಆಮೇಲೆ ನಾನು ಅಂಜಿದ್ದೇನೆ ಅಂದುಕೊಂಡಳೋ ಏನೋ, ಮಾತು ಬದಲಿಸಿ, "ಸೀರಿ ಭಾಳ ಚಂದ ಐತ್ರಿ, ನೀವ ನೇಯ್ದದ್ದೇನು?" ಅಂದಳು.

ಹೌದ್ರಿ ಅಂದೆ. ಒಡಲಿನ ಒಂದು ಮಡಿಕೆ ಬಿಡಿಸಿ ಮೇಜಿನ ಅಂಚಿಗೆ ಹರವಿ, ಆಕೆಯ ಬೆರಳು ಹಿಡಿದು, ಎಡಗೈಯ ಬಲ ಸಾಲದೆ ಹೋದ ಜಾಗದ ಮೇಲೆ ಇಟ್ಟೆ.